ಸೇವಂತಿಗೆ ಮಾಲೆಯ ಹಿಂದಿನ ದೀಪ

ಆ ದೀಪವನ್ನು ನಾನು ನೋಡಿದ್ದೆ. ಎಲ್ಲರಿಗಿಂತ ಮೊದಲು ನೋಡಿದ್ದೆ. ನೋಡಿದ ಮೇಲೆ, ಕೈಯಲ್ಲಿದ್ದ ಸೇವಂತಿಗೆ ಮಾಲೆಯನ್ನು ನಾಲ್ಕು ಬೆರಳು ಕೆಳಕ್ಕೆ ಎಳೆದು, ಅದು ಯಾರಿಗೂ ಕಾಣದ ಹಾಗೆ ಮುಚ್ಚಿದೆ. ಹಾಗೆ ಮುಚ್ಚಿದ್ದರಿಂದ ಒಬ್ಬ ಹುಡುಗಿಯ ಕೆಲಸ ಹೋಯಿತು, ಮುಂದಿನ ಓದು ನಿಂತಿತು, ಅವಳ ಹೆಸರಿಗೆ ಮಸಿ ಹತ್ತಿತು. ಮಸಿ ಬಳಿದ ಕೈ ನನ್ನದು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ — ಹೆಂಡತಿಗೂ.

ಯಾಕೆ ಮಾಡಿದೆ ಅಂದರೆ ದೊಡ್ಡ ಕಾರಣವೇನೂ ಇಲ್ಲ. ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಬೇರೆ ಹೆಸರು ಕೊಟ್ಟು ನೋಡಿದ್ದೇನೆ — ಹಿರಿತನ ಅಂದೆ, ಅನುಭವ ಅಂದೆ, ಸಂಸ್ಥೆಯ ಮೇಲಿನ ಕಾಳಜಿ ಅಂತಲೂ ಅಂದುಕೊಂಡೆ. ಯಾವುದೂ ಒಪ್ಪಲಿಲ್ಲ. ನನ್ನ ವಯಸ್ಸಿನ ಅರ್ಧವೂ ಇಲ್ಲದ ಒಬ್ಬಳನ್ನು ನೋಡಿ ನನ್ನ ಹೊಟ್ಟೆ ಉರಿಯಿತು. ಅಷ್ಟೇ.

ನನ್ನ ಹೆಸರು ಗಂಗಾಧರ, ಊರು ಗುಬ್ಬಿ. ತೊಂಬತ್ತರ ದಶಕದಲ್ಲಿ ತುಮಕೂರಿನ ಒಂದು ಕಾರ್ಖಾನೆಗೆ ಕಂಪ್ಯೂಟರ್ ನೋಡಿಕೊಳ್ಳುವವನಾಗಿ ಸೇರಿದೆ. ಪಂಪು, ಮೋಟಾರುಗಳ ಬಿಡಿಭಾಗಗಳಿಗೆ ಅಚ್ಚು ಮಾಡುವ ಕಾರ್ಖಾನೆ, ಹೆಸರು ಬೇಡ. ಆಗ ಅಲ್ಲಿದ್ದದ್ದು ಎರಡೇ ಕಂಪ್ಯೂಟರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕಿತ್ತು, ಸಂಜೆ ಅವಕ್ಕೆ ಬಟ್ಟೆ ಹೊದಿಸಿ ಹೋಗಬೇಕಿತ್ತು. ಮುಂದೆ ಕಾರ್ಖಾನೆ ಬೆಳೆದು ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ಅಲ್ಲಿ ಗೋಡೆ ಕೊರೆಸಿ, ಪೈಪು ಹಾಕಿಸಿ, ಒಂದೊಂದು ಮೇಜಿಗೂ ಕೇಬಲ್ ಎಳೆದವನು ನಾನು. ಎರಡು ಸಾವಿರದ ದಶಕದ ಮಧ್ಯಕ್ಕೆ ಬರುವಾಗ ನನ್ನ ಕೋಣೆಯಲ್ಲಿ ಆರು ಸರ್ವರ್‌ಗಳಿದ್ದವು. ಸಂಬಳಕ್ಕೊಂದು, ಖರೀದಿಗೊಂದು, ಮೇಲ್‌ಗೊಂದು, ಅಚ್ಚುಗಳ ಡ್ರಾಯಿಂಗ್ ಇಡಲು ಒಂದು — ಹೀಗೆ. ಯಾವುದಕ್ಕೆ ಜ್ವರ ಬಂದಿದೆ ಅಂತ ಬಾಗಿಲಲ್ಲಿ ನಿಂತು, ಬರೀ ಫ್ಯಾನಿನ ಸದ್ದು ಕೇಳಿ ಹೇಳುತ್ತಿದ್ದೆ.

ಒಂದು ಸರ್ವರ್ ಕೆಟ್ಟಿತು ಅಂದರೆ ಆ ವಿಭಾಗದ ಕೆಲಸವೆಲ್ಲ ನಿಂತುಬಿಡುತ್ತಿತ್ತು. ಜನ ನನ್ನ ಕೋಣೆಯ ಮುಂದೆ ಬಂದು ನಿಲ್ಲುತ್ತಿದ್ದರು. 'ಗಂಗಾಧರ್ ಸಾರ್ ಬಂದ್ರಾ? ಗಂಗಾಧರ್ ಸಾರ್ ನೋಡಿದ್ರಾ?' ನಾನು ಯಾರ ಮುಖವನ್ನೂ ನೋಡದೆ, ಸ್ಕ್ರೂ ಡ್ರೈವರ್ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹತ್ತು ನಿಮಿಷದ ಕೆಲಸವಾದರೂ ಅರ್ಧ ಗಂಟೆ ಬಿಟ್ಟು ಹೊರಗೆ ಬರುತ್ತಿದ್ದೆ. ಇದನ್ನೂ ಈಗ ಹೇಳಿಬಿಡುತ್ತೇನೆ, ಆ ಅರ್ಧ ಗಂಟೆ ನನಗೆ ಬಹಳ ಇಷ್ಟವಾಗುತ್ತಿತ್ತು.

ನಸೀಮಾ ಬಂದದ್ದು ಆಗ. ಕುಣಿಗಲ್‌ನವಳು. ತಂದೆಗೆ ಅಲ್ಲೊಂದು ಹೊಲಿಗೆ ಅಂಗಡಿ. ಡಿಪ್ಲೊಮಾ ಮುಗಿಸಿ, ಆರು ತಿಂಗಳು ಯಾವುದೋ ತರಬೇತಿ ಮಾಡಿಕೊಂಡು, ನನ್ನ ಕೈಕೆಳಗೆ ಸೇರಿದಳು. ಒಂದು ವರ್ಷ ಪರೀಕ್ಷಾವಧಿ, ಆಮೇಲೆ ಕೆಲಸ ಖಾಯಂ. ಖಾಯಂ ಆದ ಮೇಲೆ ಸಂಜೆ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿಸುತ್ತೇನೆ ಅಂತ ಅವಳ ತಂದೆ ಮಾತು ಕೊಟ್ಟಿದ್ದರಂತೆ. ಆಗದಿದ್ದರೆ ಮನೆಯಲ್ಲಿ ಮದುವೆಯ ಮಾತು. ಅದನ್ನು ಅವಳೇ ನನಗೆ ಹೇಳಿದ್ದಳು. ನಾನು ಗುಬ್ಬಿಯಿಂದ, ಅವಳು ಕುಣಿಗಲ್‌ನಿಂದ ಬಂದು ತುಮಕೂರಿನ ಬಟವಾಡಿಯಲ್ಲಿ ಇಳಿದು ಕಂಪನಿ ಬಸ್ಸಿಗೆ ಕಾಯುತ್ತಿದ್ದೆವು. ಆ ಹತ್ತು ನಿಮಿಷದಲ್ಲಿ ಅವಳು ಹೇಳಿಕೊಳ್ಳುತ್ತಿದ್ದಳು. 'ಖಾಯಂ ಆರ್ಡರ್ ಒಂದು ಬಂದ್ಬಿಟ್ರೆ ಸಾಕು ಸಾರ್. ಆಮೇಲೆ ನಮ್ಮ ಅಬ್ಬಾ ಏನೂ ಅನ್ನಲ್ಲ.' ನಾನು 'ಬರುತ್ತೆ ಬಿಡಮ್ಮ' ಅನ್ನುತ್ತಿದ್ದೆ. ಆಗ ಮನಸ್ಸಿನಿಂದಲೇ ಅನ್ನುತ್ತಿದ್ದೆ.

ನಾನು ಅವಳಿಗೆ ಕಲಿಸಿದ ಮೊದಲ ಪಾಠ ಒಂದಿದೆ. ಬೆಳಿಗ್ಗೆ ಬಂದ ತಕ್ಷಣ ಕಂಪ್ಯೂಟರ್ ಮುಂದೆ ಕೂರಬಾರದು. ಮೊದಲು ಸರ್ವರ್ ಕೋಣೆಗೆ ಹೋಗಿ, ಪ್ರತಿಯೊಂದು ಪೆಟ್ಟಿಗೆಯ ಮುಂದೆ ನಿಂತು, ಕಣ್ಣಾರೆ ದೀಪ ನೋಡಬೇಕು. 'ಪರದೆ ಸುಳ್ಳು ಹೇಳಬಹುದು ಕಣಮ್ಮ, ದೀಪ ಹೇಳಲ್ಲ' ಅಂದಿದ್ದೆ. ಅವಳು ಒಂದು ದಿನವೂ ಅದನ್ನು ತಪ್ಪಿಸಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಆರನೇ ತಿಂಗಳಿಗೆ ಅವಳೊಂದು ಕಾಗದ ಬರೆದು ಮ್ಯಾನೇಜರ್ ರಾಮಪ್ರಸಾದ್ ಅವರ ಮುಂದೆ ಇಟ್ಟಳು. ಆರು ಸರ್ವರ್ ಬೇಡ, ದೊಡ್ಡವು ಎರಡು ಸಾಕು. ಆರರ ಕೆಲಸವನ್ನೂ ಆ ಎರಡರೊಳಗೆ ಆರು ವರ್ಚುವಲ್ ಮಷೀನ್‌ಗಳಾಗಿ, ಅಂದರೆ ಬರೀ ಸಾಫ್ಟ್‌ವೇರಿನಲ್ಲೇ ಇರುವ ಕಂಪ್ಯೂಟರುಗಳಾಗಿ ಮಾಡಿ ಓಡಿಸಬಹುದು. ಡಿಸ್ಕ್‌ಗಳನ್ನು ಮಾತ್ರ ಸರ್ವರ್‌ಗಳ ಒಳಗೆ ಇಡದೆ, ಬೇರೆ ಒಂದು ಪೆಟ್ಟಿಗೆಯಲ್ಲಿಟ್ಟು, ನೆಟ್‌ವರ್ಕ್ ಮೂಲಕ ಎರಡೂ ಸರ್ವರ್‌ಗಳಿಗೆ ಕೊಡಬೇಕು. ಎರಡು ಮನೆಗೆ ಒಂದೇ ಕಣಜ ಇದ್ದ ಹಾಗೆ. ಒಂದು ಸರ್ವರ್ ಸತ್ತರೆ ಅದರ ಮಷೀನ್‌ಗಳೆಲ್ಲ ಇನ್ನೊಂದರಲ್ಲಿ ತಾವೇ ಎದ್ದು ಕೂರುತ್ತವೆ, ಯಾಕೆಂದರೆ ಕಾಳು ಕಣಜದಲ್ಲಿ ಹಾಗೇ ಇರುತ್ತದೆ.

ಪತ್ರಿಕೆಗಳಲ್ಲಿ ಇದರ ಬಗ್ಗೆ ಓದಿದ್ದೆ. ಆದರೆ ಕೈಯಿಂದ ಮಾಡಿರಲಿಲ್ಲ. ಮಾಡಿಲ್ಲ ಅಂತ ಹೇಳಲು ನಾಲಿಗೆ ಹೊರಳಲಿಲ್ಲ. 'ನೋಡೋಣ' ಅಂದೆ. ಪೆಟ್ಟಿಗೆ ಬಂತು — ಮುಂಭಾಗದಲ್ಲಿ ಸಾಲಿಗೆ ನಾಲ್ಕರಂತೆ ಮೂರು ಸಾಲು, ಒಟ್ಟು ಹನ್ನೆರಡು ಡಿಸ್ಕ್. ಪ್ರತಿ ಡಿಸ್ಕಿಗೂ ಒಂದು ಪುಟ್ಟ ದೀಪ. ಹಸಿರು ಇದ್ದರೆ ಸರಿ, ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಆ ಡಿಸ್ಕ್ ಸತ್ತಿದೆ ಅಂತ. ಹನ್ನೆರಡರಲ್ಲಿ ಒಂದು ಸತ್ತರೆ ಪೆಟ್ಟಿಗೆ ತಡೆದುಕೊಳ್ಳುತ್ತದೆ, ಉಳಿದ ಹನ್ನೊಂದು ಸೇರಿ ಸತ್ತದ್ದರ ಪಾಲನ್ನೂ ಹೊರುತ್ತವೆ. ಅಷ್ಟರಲ್ಲಿ ಹೊಸದನ್ನು ತಂದು ಸಿಕ್ಕಿಸಿಬಿಡಬೇಕು. ಸಿಕ್ಕಿಸುವ ಮೊದಲೇ ಎರಡನೆಯದೂ ಸತ್ತರೆ ಎಲ್ಲ ಮುಗಿಯಿತು, ಹನ್ನೆರಡರಲ್ಲಿ ಇದ್ದದ್ದೆಲ್ಲ ಹೋಯಿತು.

ಜೋಡಿಸುವ ದಿನ ಎರಡನೇ ಸರ್ವರ್ ನಾನು ಮಾಡುತ್ತೇನೆ ಅಂತ ಹಟಕ್ಕೆ ಬಿದ್ದು ಕೂತೆ. ಡಿಸೈನ್ ವಿಭಾಗದವರು ನಾಲ್ಕಾರು ಜನ ಬಂದು ಹಿಂದೆ ನಿಂತಿದ್ದರು. ಎರಡು ಗಂಟೆ ಕಳೆಯಿತು, ನನ್ನ ಸರ್ವರ್‌ಗೆ ಆ ಪೆಟ್ಟಿಗೆ ಕಾಣಲೇ ಇಲ್ಲ. ಕೇಬಲ್ ಬದಲಾಯಿಸಿದೆ, ನೆಟ್‌ವರ್ಕ್ ಸ್ವಿಚ್ ಬದಲಾಯಿಸಿದೆ, ವಿಳಾಸದ ಅಂಕಿಗಳನ್ನು ಮತ್ತೆ ಮತ್ತೆ ಹೊಡೆದೆ. ಕಿವಿ ಬಿಸಿಯಾಗಿತ್ತು. ನಸೀಮಾ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತು ನೋಡಿದಳು. ಯಾವ ಸರ್ವರ್ ಬಂದರೆ ಬಾಗಿಲು ತೆಗೆಯಬೇಕು ಅನ್ನುವ ಪಟ್ಟಿಯೊಂದು ಆ ಪೆಟ್ಟಿಗೆಯಲ್ಲೇ ಇರುತ್ತದೆ. ಆ ಪಟ್ಟಿಗೆ ನನ್ನ ಸರ್ವರ್‌ನ ಹೆಸರನ್ನು ನಾನು ಸೇರಿಸಿಯೇ ಇರಲಿಲ್ಲ. ಅವಳು ಒಂದು ಸಾಲು ಬರೆದಳು, ಡಿಸ್ಕ್ ಕಾಣಿಸಿತು. ಹಿಂದೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಅಂದಳು: 'ಸಾರ್ ಎಲ್ಲಾ ಸರಿಯಾಗೇ ಮಾಡಿದ್ರು. ಪಟ್ಟೀಲಿ ಹೆಸರು ಸೇರಿಸೋದು ನಾನೇ ಮರ್ತಿದ್ದೆ.'

ನನ್ನ ಮಾನ ಉಳಿಸಲು ಅವಳು ಸುಳ್ಳು ಹೇಳಿದಳು. ನನಗೆ ಅದು ಇನ್ನೂ ಚುಚ್ಚಿತು. ಬೈದಿದ್ದರೆ, ನಕ್ಕಿದ್ದರೆ, ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ನೆಪ ಸಿಗುತ್ತಿತ್ತು. ಅದನ್ನೂ ಕೊಡಲಿಲ್ಲ. ಮಾರನೆಯ ದಿನ ಒಂದು ಇನ್ನೂರು ಪುಟದ ನೋಟ್ ಪುಸ್ತಕದಲ್ಲಿ, ಆ ಪೆಟ್ಟಿಗೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಜೋಡಿಸಬೇಕು ಅಂತ ಕನ್ನಡದಲ್ಲಿ, ಗುಂಡಗಿನ ಅಕ್ಷರದಲ್ಲಿ ಬರೆದು ತಂದು ನನ್ನ ಮೇಜಿನ ಮೇಲಿಟ್ಟಳು. 'ನೀವು ಒಂದ್ಸಲ ಚೆಕ್ ಮಾಡ್ಬಿಡಿ ಸಾರ್, ತಪ್ಪಿದ್ರೆ ತಿದ್ದಿ.' ತಿದ್ದಲು ಅದರಲ್ಲಿ ಏನೂ ಇರಲಿಲ್ಲ. ಒಂದೆರಡು ಕಡೆ ಕೊಂಬು ಬಿಟ್ಟುಹೋಗಿತ್ತು. ಕೆಂಪು ಪೆನ್ನಿನಲ್ಲಿ ಅದನ್ನು ತಿದ್ದಿ ವಾಪಸ್ಸು ಕೊಟ್ಟೆ… ಎಂಥ ಸಣ್ಣ ಬುದ್ಧಿ.

ಎಲ್ಲ ಮುಗಿದ ಮೇಲೆ ರಾಮಪ್ರಸಾದ್ ಅವರ ಮುಂದೆ ತೋರಿಸುವ ಕಾರ್ಯಕ್ರಮ. ನಸೀಮಾ ಎಲ್ಲರ ಎದುರಿಗೆ ಒಂದು ಸರ್ವರ್‌ನ ಕರೆಂಟ್ ವೈರನ್ನೇ ಕಿತ್ತಳು. ಖರೀದಿ ವಿಭಾಗದ ಪರದೆ ನಿಂತಿತು. ಮೂರು ನಿಮಿಷವೂ ಆಗಿರಲಿಲ್ಲ, ಅದೇ ಮಷೀನ್ ಇನ್ನೊಂದು ಸರ್ವರ್‌ನಲ್ಲಿ ಎದ್ದು ಬಂತು. ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ, ಯಾರೂ ಹೊರಗೆ ನಿಂತು ಕಾಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ರಾಮಪ್ರಸಾದ್ ನನ್ನ ಬೆನ್ನು ತಟ್ಟಿ ಅಂದರು:

'ಗಂಗಾಧರ್, ಇನ್ಮೇಲೆ ನೀವು ಆರಾಮಾಗಿ ಪೇಪರ್ ಓದ್ಕೊಂಡು ಕೂತ್ಕೊಬಹುದು ಕಣ್ರೀ.'

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಒಳ್ಳೆಯ ಮಾತೇ ಆಡಿದ್ದು. ನನಗೆ ಕೇಳಿಸಿದ್ದು ಮಾತ್ರ ಬೇರೆ — ನೀನು ಇನ್ನು ಬೇಕಾಗಿಲ್ಲ ಅಂತ. ಅವತ್ತಿನಿಂದ ಜನ ಮೊದಲು ಅವಳ ಮೇಜಿಗೆ ಹೋಗತೊಡಗಿದರು. ನನ್ನ ಮುಂದೆಯೇ ದಾಟಿಕೊಂಡು ಹೋಗುತ್ತಿದ್ದರು. 'ನಸೀಮಾ ಇಲ್ವಾ?' ಅಂತ ನನ್ನನ್ನೇ ಕೇಳುತ್ತಿದ್ದರು. ನಾನು ಪೇಪರ್ ಹಿಡಿದುಕೊಂಡು ಕೂತಿರುತ್ತಿದ್ದೆ, ಒಂದು ಸಾಲೂ ತಲೆಗೆ ಹೋಗುತ್ತಿರಲಿಲ್ಲ. ಅವಳು ನಗುವುದು, ಫೋನಿನಲ್ಲಿ ಸಮಾಧಾನವಾಗಿ ವಿವರಿಸುವುದು, ಟಿಫನ್ ಬಾಕ್ಸ್ ಮುಚ್ಚಳದಲ್ಲಿ ನನಗೂ ಒಂದು ತುತ್ತು ಎತ್ತಿಡುವುದು — ಎಲ್ಲವೂ ಮೈ ಪರಚಿಕೊಳ್ಳುವಂತೆ ಮಾಡುತ್ತಿತ್ತು. ಮನೆಗೆ ಹೋಗಿ ಸುಮ್ಮಸುಮ್ಮನೆ ಹೆಂಡತಿಯ ಮೇಲೆ ರೇಗುತ್ತಿದ್ದೆ.

ಈಗ ಎರಡು ಸಣ್ಣ ವಿಷಯ ಹೇಳಬೇಕು. ಸಣ್ಣವು ಅಂತ ಅಂದುಕೊಂಡೇ ಮಾಡಿದ್ದು.

ಒಂದು: ಡಿಸ್ಕ್ ಕೆಟ್ಟರೆ ಆ ಪೆಟ್ಟಿಗೆ ತಾನೇ ಒಂದು ಮೇಲ್ ಕಳಿಸುತ್ತದೆ. ಅದು ನಮ್ಮಿಬ್ಬರಿಗೂ ಬರಲಿ ಅಂತ ಅವಳು ಕೇಳಿದಳು. 'ಹಿರಿಯ ನಾನು. ಮೊದಲು ನನಗೆ ಬರ್ಲಿ, ಬಂದ್ರೆ ನಿನಗೆ ಹೇಳ್ತೀನಿ' ಅಂದೆ. ಒಪ್ಪಿಕೊಂಡಳು.

ಎರಡು: ಯಾವುದಾದರೂ ಡಿಸ್ಕ್ ಸತ್ತರೆ ತಕ್ಷಣ ಹಾಕಲು ಹೆಚ್ಚುವರಿ ಒಂದು ಬೇಕು ಅಂತ ಅವಳು ಪೆಟ್ಟಿಗೆ ಕೊಟ್ಟವರಿಗೆ ಬರೆದಿದ್ದಳು. ಅವರು ಕಳಿಸಿದರು. ಬಂದ ದಿನ ಅವಳು ರಜೆಯಲ್ಲಿದ್ದಳು. ಕೊರಿಯರ್‌ಗೆ ಸಹಿ ಹಾಕಿದವನು ನಾನು. ತೆಗೆದುಕೊಂಡು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವಳು ಬಂದ ಮೇಲೆ ಹೇಳಲಿಲ್ಲ. 'ಸ್ಪೇರ್ ಬಂತಾ ಸಾರ್?' ಅಂತ ವಾರಕ್ಕೊಮ್ಮೆ ಕೇಳುತ್ತಿದ್ದಳು. 'ಬಂದ್ರೆ ಹೇಳಲ್ವೇನಮ್ಮ' ಅನ್ನುತ್ತಿದ್ದೆ. ಅವಳಿಗೆ ಬೇಕಾದದ್ದು ಒಂದಾದರೂ ನನ್ನ ಕೈಯಲ್ಲಿ ಇರಲಿ ಅಂತ… ಅಷ್ಟಕ್ಕೆ.

ಆಯುಧಪೂಜೆ ಬಂತು. ಕಾರ್ಖಾನೆಯ ಆಯುಧಪೂಜೆ ಅಂದರೆ ನಿಮಗೆ ಗೊತ್ತೇ ಇದೆ — ಲೇತ್, ಡ್ರಿಲ್ಲಿಂಗ್ ಮಷೀನು, ಲಾರಿ, ಜನರೇಟರ್, ಎಲ್ಲಕ್ಕೂ ಹೂವು, ವಿಭೂತಿ, ಕುಂಕುಮ. ಸರ್ವರ್ ಕೋಣೆಯ ಪೂಜೆ ಮೊದಲಿನಿಂದಲೂ ನನ್ನದು. ಪ್ರತಿ ವರ್ಷ ಗುಬ್ಬಿಯಿಂದ ಸೇವಂತಿಗೆ ಮಾಲೆ ನಾನೇ ತರುತ್ತಿದ್ದೆ. ಆ ವರ್ಷ ಅವಳ ಪರೀಕ್ಷಾವಧಿ ಮುಗಿಯಲು ಇಪ್ಪತ್ತು ದಿನವೂ ಉಳಿದಿರಲಿಲ್ಲ.

ಬೆಳಿಗ್ಗೆ ಕಂಪನಿ ಬಸ್ಸಿಗೆ ಕಾಯದೆ ಎಲ್ಲರಿಗಿಂತ ಮೊದಲು ಹೋಗಿ ಕೋಣೆಯ ಬಾಗಿಲು ತೆಗೆದೆ. ಪೆಟ್ಟಿಗೆ ಸಣ್ಣಗೆ ಕೂಗುತ್ತಿತ್ತು. ಮೇಲಿನ ಸಾಲಿನ ಮೂರನೇ ಡಿಸ್ಕಿನಲ್ಲಿ ಕಿತ್ತಳೆ ದೀಪ ಉರಿಯುತ್ತಿತ್ತು.

ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಸತ್ತ ಡಿಸ್ಕ್ ಎಳೆದು ಹೊಸದು ಸಿಕ್ಕಿಸುವುದು ಐದು ನಿಮಿಷದ ಕೆಲಸ. ಒಂದು ಮಾತು ಹೇಳಿದ್ದರೆ ಅವಳೇ ಮಾಡುತ್ತಿದ್ದಳು. ನಾನು ಏನು ಮಾಡಿದೆ ಅಂದರೆ — ಮೊದಲು ಹಿಂದಿನ ಗುಂಡಿ ಒತ್ತಿ ಕೂಗು ನಿಲ್ಲಿಸಿದೆ. ಆಮೇಲೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಮಾಲೆ ಹಾಕಿದೆ. ಮೇಲಿನ ಅಂಚಿಗೆ ಕಟ್ಟುತ್ತಿದ್ದ ಮಾಲೆಯನ್ನು ಆ ಸಲ ಕೆಳಕ್ಕೆ ಎಳೆದು, ಎರಡು ತುದಿಗೂ ಟೇಪ್ ಅಂಟಿಸಿ, ದೀಪದ ಮೇಲೆ ಬರುವ ಹಾಗೆ ಮಾಡಿದೆ. ವಿಭೂತಿ ಹಚ್ಚಿ ಕುಂಕುಮ ಇಟ್ಟೆ. ಊದುಬತ್ತಿ ಹಚ್ಚಿ ಕೈ ಮುಗಿದೆ ಕೂಡ. ಬಾಗಿಲಿಗೆ ಬೀಗ ಹಾಕಿ, ಮಂಗಳಾರತಿಯವರೆಗೆ ಯಾರೂ ಒಳಗೆ ಹೋಗಬೇಡಿ ಅಂದೆ.

ಮನಸ್ಸಿನಲ್ಲಿ ಏನಿತ್ತು ಅಂತ ಆಮೇಲೆ ಎಷ್ಟೋ ಸಲ ಕೆದಕಿ ನೋಡಿದ್ದೇನೆ. ಎರಡು ದಿನ ಬಿಟ್ಟು ನಾನೇ ಆ ದೀಪವನ್ನು ಎಲ್ಲರ ಮುಂದೆ ಕಂಡುಹಿಡಿಯಬೇಕು, ಬೀರುವಿನಿಂದ ಡಿಸ್ಕ್ ತೆಗೆದು ಹಾಕಬೇಕು, 'ಗಂಗಾಧರ್ ನೋಡದೇ ಇದ್ದಿದ್ರೆ ಏನ್ ಗತಿ' ಅಂತ ರಾಮಪ್ರಸಾದ್ ಅನ್ನಬೇಕು — ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಅದರ ಕೆಳಗೆ ಇನ್ನೊಂದು ಆಸೆಯೂ ಇತ್ತು. ಇವಳ ಪೆಟ್ಟಿಗೆ ಒಂದು ಸಲ ಬೀಳಲಿ, ಒಂದೇ ಒಂದು ಸಲ… ಇತ್ತು. ಇರಲಿಲ್ಲ ಅನ್ನಲಾರೆ.

ಮಧ್ಯಾಹ್ನ ಮಂಗಳಾರತಿಗೆ ಎಲ್ಲರೂ ಬಂದರು. ನಸೀಮಾ ಚಪ್ಪಲಿ ಬಿಟ್ಟು, ದುಪಟ್ಟಾ ತಲೆ ಮೇಲೆ ಹಾಕಿಕೊಂಡು ಬಾಗಿಲ ಪಕ್ಕ ನಿಂತಿದ್ದಳು. ಕಡಲೆಪುರಿ, ಬಾಳೆಹಣ್ಣು ಎರಡೂ ಕೈಯಲ್ಲಿ ಹಿಡಿದು ಇಸಿದುಕೊಂಡಳು. 'ಮಾಲೆ ಚೆನ್ನಾಗಿದೆ ಸಾರ್' ಅಂದಳು.

ಮಾರನೆಯ ದಿನ ವಿಜಯದಶಮಿ, ರಜೆ. ಅದರ ಮಾರನೆಯ ದಿನ ಬಸ್ಸಿಳಿದು ನಾನು ಒಳಗೆ ಬರುವಷ್ಟರಲ್ಲಿ ಅವಳು ಆಗಲೇ ಸರ್ವರ್ ಕೋಣೆಯಲ್ಲಿದ್ದಳು. ದಿನದ ಅಭ್ಯಾಸ, ನಾನು ಕಲಿಸಿದ್ದು. ಪೆಟ್ಟಿಗೆಯ ಮುಂದೆ ಬಗ್ಗಿ ನಿಂತಿದ್ದವಳು, ನನ್ನನ್ನು ಕಂಡು ಕೇಳಿದಳು:

'ಸಾರ್, ಹೂವು ಪಕ್ಕಕ್ಕೆ ಸರಿಸ್ಲಾ? ದೀಪ ಕಾಣ್ತಿಲ್ಲ. ಗಾಳಿ ಹೋಗೋ ಜಾಗಾನೂ ಮುಚ್ಕೊಂಡಿದೆ.'

ಹಿಂದಿನ ವರ್ಷಗಳಲ್ಲೆಲ್ಲ ಪೂಜೆಯ ರಜೆ ಮುಗಿದು ಬಂದ ಬೆಳಿಗ್ಗೆಯೇ ನಾನು ಆ ಹೂವನ್ನು ಕಿತ್ತು ಹೊರಗೆ ಗಿಡದ ಬುಡಕ್ಕೆ ಹಾಕುತ್ತಿದ್ದೆ. ಅದು ಅವಳಿಗೆ ಗೊತ್ತಿರಲಿಲ್ಲ. ಅದು ಅವಳು ನಮ್ಮಲ್ಲಿ ಕಂಡ ಮೊದಲ ಆಯುಧಪೂಜೆ. ನಾನು ಅಂದೆ:

'ಪೂಜೆ ಹೂವು ಕಣಮ್ಮ. ನೀನು ಮುಟ್ಬೇಡ. ತಾನಾಗೇ ಒಣಗ್ಲಿ, ನಾನೇ ತೆಗೀತೀನಿ.'

ಅವಳು ಚಾಚಿದ್ದ ಕೈಯನ್ನು ತಟ್ಟನೆ ಹಿಂದಕ್ಕೆ ತೆಗೆದುಕೊಂಡಳು. ಮುಖ ಸಣ್ಣದಾಯಿತು. 'ಸಾರಿ ಸಾರ್, ನಂಗೆ ಗೊತ್ತಿರ್ಲಿಲ್ಲ' ಅಂದಳು. ಆಮೇಲೆ, 'ಮೇಲ್ ಏನೂ ಬಂದಿಲ್ಲ ತಾನೇ ಸಾರ್?' ಅಂತ ಕೇಳಿದಳು. 'ಇಲ್ಲ' ಅಂದೆ. ಮೇಲ್ ಬಂದಿತ್ತು. ಪೂಜೆಯ ದಿನ ಬೆಳಿಗ್ಗೆಯೇ ಓದಿ ಅಳಿಸಿದ್ದೆ.

ಆ ಒಂದು ಮಾತಿನಲ್ಲಿ ನಾನು ಎಷ್ಟು ಕೆಲಸ ಮಾಡಿದ್ದೆ ನೋಡಿ. ಅವಳು ಸಾಬರ ಹುಡುಗಿ, ನಮ್ಮ ಪೂಜೆಯ ವಿಷಯದಲ್ಲಿ ಒಂದು ಹೆಜ್ಜೆ ಹಿಂದೆಯೇ ನಿಲ್ಲುತ್ತಾಳೆ, ಎದುರು ಮಾತಾಡುವುದಿಲ್ಲ ಅಂತ ಗೊತ್ತಿದ್ದೇ ಅಂದೆ. ಬೇರೆ ಯಾರಾದರೂ ಆಗಿದ್ದರೆ 'ಏ ಬಿಡಿ ಸಾರ್' ಅಂತ ಹೂವು ಸರಿಸಿ ನೋಡುತ್ತಿದ್ದರು. ಅವಳ ಮರ್ಯಾದೆಯನ್ನೇ ಹಿಡಿದು ಅವಳ ಕೈ ಕಟ್ಟಿದೆ. ಮಾಡಿದ್ದರಲ್ಲಿ ಇದೇ ಎಲ್ಲಕ್ಕಿಂತ ಕೆಟ್ಟದ್ದು ಅಂತ ಈಗ ಅನ್ನಿಸುತ್ತದೆ.

ಅದರ ಮಾರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಡೀ ಕಾರ್ಖಾನೆಯ ಪರದೆಗಳು ಒಟ್ಟಿಗೆ ನಿಂತವು. ಸಂಬಳ, ಖರೀದಿ, ಮೇಲ್, ಡ್ರಾಯಿಂಗ್ — ಆರೂ. ನಸೀಮಾ ಓಡಿದಳು. ನಾನು ಹಿಂದೆ ಹೋದೆ. ಪೆಟ್ಟಿಗೆಯ ಮುಂದೆ ಒಂದು ಕ್ಷಣ ನಿಂತು ನನ್ನ ಮುಖ ನೋಡಿದಳು. ಅಂಥ ಹೊತ್ತಿನಲ್ಲೂ ಅಪ್ಪಣೆ ಕೇಳುತ್ತಿದ್ದಳು. ನಾನು ತಲೆ ಆಡಿಸಿದೆ. ಮಾಲೆ ಎತ್ತಿದಳು. ಎರಡು ಕಿತ್ತಳೆ ದೀಪ ಉರಿಯುತ್ತಿದ್ದವು.

ಅವಳು ಅಳಲಿಲ್ಲ. ನೆಲದ ಮೇಲೆ ಕೂತು, 'ಸ್ಪೇರ್ ಒಂದು ಇದ್ದಿದ್ರೆ…' ಅಂದಳು. ನನ್ನ ಜೇಬಿನಲ್ಲಿ ಬೀಗದ ಕೈ ಇತ್ತು. ಆಗ ಕೊಟ್ಟಿದ್ದರೂ ಪ್ರಯೋಜನವಿರಲಿಲ್ಲ, ಹೊತ್ತು ಮೀರಿತ್ತು. ಮೂರು ದಿನ ಏನೇನೋ ಮಾಡಿದಳು, ಬೆಂಗಳೂರಿನಿಂದ ಜನರನ್ನೂ ಕರೆಸಿದರು. ಲೆಕ್ಕಪತ್ರದ ಕಡತಗಳ ನಕಲು ಬ್ಯಾಕಪ್ ಟೇಪಿನಲ್ಲಿತ್ತು, ಅವು ಬಂದವು. ಡ್ರಾಯಿಂಗ್‌ಗಳು ಬರಲಿಲ್ಲ. ಡಿಸೈನ್ ವಿಭಾಗದವರು ತಿಂಗಳುಗಟ್ಟಲೆ ಕೂತು ಬರೆದ ಅಚ್ಚಿನ ನಕ್ಷೆಗಳು. ನಾನು ಅಳಿಸಿದ ಮೇಲ್‌ನ ಗುರುತು ಕೂಡ ಆ ಪೆಟ್ಟಿಗೆಯ ಜೊತೆಗೇ ಹೋಯಿತು. ನನಗೆ ಅದು ಹೊಳೆದಾಗ ಸಮಾಧಾನವಾಯಿತು. ಥೂ.

ರಾಮಪ್ರಸಾದ್ ಅವರ ಕೋಣೆಯಲ್ಲಿ ವಿಚಾರಣೆ. ಡಿಸೈನ್ ವಿಭಾಗದ ಇಬ್ಬರು, ರಾಮಪ್ರಸಾದ್, ನಾನು, ಅವಳು. ರಾಮಪ್ರಸಾದ್ ಒರಟರಲ್ಲ, ಆದರೆ ಅವತ್ತು ಅವರ ಧ್ವನಿ ಗಡುಸಾಗಿತ್ತು.

'ಒಂದು ಡಿಸ್ಕ್ ಮೊದ್ಲೇ ಹೋಗಿತ್ತಂತೆ. ದಿನಾ ಬೆಳಿಗ್ಗೆ ದೀಪ ನೋಡ್ತೀಯಲ್ಲಮ್ಮ, ನೋಡ್ಲಿಲ್ವಾ?'

'ಅದರ ಮೇಲೆ ಹೂವಿತ್ತು ಸಾರ್.'

'ಹೂವಿದ್ರೆ ಸರಿಸಿ ನೋಡ್ಬಾರ್ದಾ? ಯಾರಾದ್ರೂ ಬೇಡ ಅಂದ್ರಾ?'

ಅವಳು ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಆರೋಪ ಇರಲಿಲ್ಲ. ನೀವೇ ಹೇಳಿ ಸಾರ್ ಅನ್ನುವ ಹಾಗಿತ್ತು. ಪೂಜೆಯ ಭಕ್ತಿಯಿಂದ ನಾನು ಬೇಡ ಅಂದೆ ಅಂತಲೇ ಅವಳು ತಿಳಿದಿದ್ದಳು. ದೀಪ ನೋಡಿದ್ದೆ ಅಂತ ಅವಳಿಗೆ ಕನಸಿನಲ್ಲೂ ಬಂದಿರಲಿಲ್ಲ. ನಾನು ಒಂದು ಮಾತು ಹೇಳಿದ್ದರೆ — ಪೂರ್ತಿ ನಿಜ ಬೇಡ, 'ನಾನೇ ಬೇಡ ಅಂದಿದ್ದೆ' ಅಂತ ಅಷ್ಟು ಅಂದಿದ್ದರೂ ಅವಳು ಉಳಿಯುತ್ತಿದ್ದಳು. ನನಗೆ ಒಂದು ಬೈಗುಳ ಬೀಳುತ್ತಿತ್ತು. ಅಷ್ಟೇ. ನಾನು ಮೇಜಿನ ಮೇಲಿದ್ದ ಪೇಪರ್‌ವೇಟ್ ನೋಡುತ್ತಾ ಕೂತೆ.

ಅವಳು ಮತ್ತೆ ರಾಮಪ್ರಸಾದ್ ಕಡೆ ತಿರುಗಿ ಹೇಳಿದಳು: 'ಯಾರೂ ಏನೂ ಅನ್ನಲಿಲ್ಲ ಸಾರ್. ನಾನೇ ಸರಿಸ್ಲಿಲ್ಲ.'

ಪಟ್ಟಿಯಲ್ಲಿ ಹೆಸರು ಬಿಟ್ಟ ದಿನ ಹೇಳಿದಂಥದ್ದೇ ಸುಳ್ಳು. ಎರಡನೇ ಸಲವೂ ನನಗಾಗಿಯೇ.

ಖಾಯಂ ಆರ್ಡರ್ ಬರಲಿಲ್ಲ. ತಿಂಗಳ ಕೊನೆಗೆ ಅವಳೇ ರಾಜೀನಾಮೆ ಬರೆಯುವಂತೆ ಮಾಡಿದರು. ಬಟವಾಡಿಯ ಕಂಪನಿ ಬಸ್ಸಿನಲ್ಲಿ ಜನ ಮಾತಾಡಿಕೊಂಡರು. 'ಪೂಜೆ ಆದ್ಮೇಲೆ ಆ ಹುಡ್ಗಿ ಹೂವು ಮುಟ್ಟಿದ್ಳಂತೆ ಕಣ್ಲಾ, ಅದ್ಕೇ ಹಿಂಗಾಗಿರೋದು.' ನಾನು ಕಿಟಕಿ ಪಕ್ಕ ಕೂತಿದ್ದೆ. ಹೊರಗೆ ನೋಡುತ್ತಲೇ ಇದ್ದೆ. ಮುಟ್ಟಬೇಡ ಅಂದದ್ದಕ್ಕೆ ಮುಟ್ಟದೆ ಕೆಲಸ ಕಳೆದುಕೊಂಡವಳ ಮೇಲೆ, ಮುಟ್ಟಿದಳು ಅನ್ನುವ ಅಪವಾದ. ಅದೂ ನನ್ನ ಕಿವಿಯ ಪಕ್ಕದಲ್ಲೇ ಹುಟ್ಟಿತು.

ಹೊಸ ಡಿಸ್ಕ್‌ಗಳು ಬಂದವು. ಪೆಟ್ಟಿಗೆಯನ್ನು ಮತ್ತೆ ಜೋಡಿಸಿದವನು ನಾನು. ಅವಳ ನೋಟ್ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಸಾಲು ಓದಿ ಓದಿ ಮಾಡಿದೆ. ಮೊದಲ ಸಲಕ್ಕೇ ಎಲ್ಲ ಸರಿಯಾಯಿತು. ಜನ ಮತ್ತೆ ನನ್ನ ಮೇಜಿಗೆ ಬಂದರು. 'ಹಳಬರು ಹಳಬರೇ' ಅಂತ ರಾಮಪ್ರಸಾದ್ ಅಂದರು. ಬೀರುವಿನಲ್ಲಿದ್ದ ಹೆಚ್ಚುವರಿ ಡಿಸ್ಕನ್ನು ಊಟದ ಚೀಲದಲ್ಲಿಟ್ಟು ಗುಬ್ಬಿಗೆ ತಂದು ಅಟ್ಟದ ಮೇಲೆ ಹಾಕಿದೆ. ಕದ್ದೆ ಅನ್ನಿ.

ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದೆ. ಪ್ರತಿ ವರ್ಷ ಆಯುಧಪೂಜೆಯ ದಿನ ನಸೀಮಾಳಿಂದ ಫೋನ್ ಬರುತ್ತಿತ್ತು. 'ಪೂಜೆ ಆಯ್ತಾ ಸಾರ್? ಮನೇಲಿ ಎಲ್ಲಾ ಚೆನ್ನಾಗಿದ್ದೀರಾ?' ಮದುವೆಯಾಯಿತು ಅಂದಳು, ಕುಣಿಗಲ್‌ನಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ ಅಂದಳು. ಇಂಜಿನಿಯರಿಂಗ್ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಒಂದೆರಡು ವರ್ಷ ಅವಳ ನಂಬರ್ ಕಂಡು ಫೋನ್ ಎತ್ತಲಿಲ್ಲ. ಅವಳು ಸಂಜೆ ಮತ್ತೆ ಮಾಡುತ್ತಿದ್ದಳು.

ಹೋದ ತಿಂಗಳು ಮನೆಗೆ ಸುಣ್ಣ ಹೊಡೆಸಲು ಅಟ್ಟ ಖಾಲಿ ಮಾಡುವಾಗ ಹೆಂಡತಿ ಅದನ್ನು ಕೆಳಗಿಳಿಸಿದಳು. ಬೆಳ್ಳಿ ಬಣ್ಣದ ಕವರು, ಸೀಲ್ ಕೂಡ ಒಡೆದಿರಲಿಲ್ಲ. 'ಇದೇನ್ರೀ, ಹಿತ್ತಾಳೆ ಪಾತ್ರೆ ಮಧ್ಯ?' ಅಂದಳು. 'ಹಳೇ ಸಾಮಾನು, ಬಿಡು' ಅಂದೆ. 'ಹಳೇದಾದ್ರೆ ಕವರ್ರೂ ಬಿಚ್ಚಿಲ್ವಲ್ಲ' ಅಂದಳು. ನಾನು ಅದನ್ನು ಅವಳ ಕೈಯಿಂದ ಇಸಿದುಕೊಂಡೆ. ಅವತ್ತು ಊಟ ಸೇರಲಿಲ್ಲ. ಎರಡು ದಿನ ಬಿಟ್ಟು ಅದನ್ನು ಚೀಲಕ್ಕೆ ಹಾಕಿಕೊಂಡು ಕುಣಿಗಲ್ ಬಸ್ಸು ಹತ್ತಿದೆ.

ಅವಳ ಅಂಗಡಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರ, ಕೊತ್ತಗೆರೆ ಕಡೆ ಹೋಗುವ ರಸ್ತೆಯಲ್ಲಿ. ಚಿಕ್ಕದು, ಒಪ್ಪವಾಗಿತ್ತು. 'ಅರೆ, ಸಾರ್' ಅಂತ ಎದ್ದು ನಿಂತು ಕುರ್ಚಿ ಒರೆಸಿದಳು. ತಲೆಯಲ್ಲಿ ಒಂದೆರಡು ಬಿಳಿ ಕೂದಲು. ಟೀ ತರಿಸಿದಳು. ಅಂಗಡಿಯ ಯುಪಿಎಸ್ ಮೇಲೆ ಕುಂಕುಮದ ಗುರುತಿತ್ತು. ನಾನು ಅದನ್ನೇ ನೋಡುವುದು ಕಂಡು ನಕ್ಕಳು. 'ಪಕ್ಕದ ಅಂಗಡಿ ಅಕ್ಕ ಪ್ರತಿ ವರ್ಷ ನಮ್ಮದಕ್ಕೂ ಪೂಜೆ ಮಾಡಿಕೊಡ್ತಾರೆ ಸಾರ್. ಆದ್ರೆ ಮಾರನೇ ದಿನ ನಾನು ಯಾರನ್ನೂ ಕೇಳಲ್ಲ. ಮೊದ್ಲು ಹೂವು ಸರಿಸಿ ದೀಪ ನೋಡ್ತೀನಿ.'

ನಾನು ಚೀಲದಿಂದ ಡಿಸ್ಕ್ ತೆಗೆದು ಅವಳ ಮುಂದಿಟ್ಟೆ. ಕವರಿನ ಮೇಲಿನ ಚೀಟಿಯಲ್ಲಿ ಅವಳ ಹೆಸರೇ ಇತ್ತು, ತರಿಸಿದವಳು ಅವಳಲ್ಲವೇ. ಓದಿದಳು. ತಾರೀಖು ನೋಡಿದಳು.

'ಇದು ಅವತ್ತೇ ಬಂದಿತ್ತಾ ಸಾರ್?'

'ಬಂದಿತ್ತು. ನನ್ನ ಬೀರುವಿನಲ್ಲಿತ್ತು.'

'ದೀಪ…?'

'ನೋಡಿದ್ದೆ. ನೋಡೇ ಹೂವು ಹಾಕಿದ್ದೆ.'

ಹೊರಗೆ ಬಸ್ಸೊಂದು ಹಾರ್ನ್ ಮಾಡುತ್ತಾ ಹೋಯಿತು. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದರೆ ಒಳ್ಳೆಯದು ಅಂತಲೂ ಅಂದುಕೊಂಡಿದ್ದೆ. ಅವಳು ಆ ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆಗೇ ಸರಿಸಿದಳು.

'ನನ್ ಹತ್ರ ಹೇಳಿದ್ರೆ ನಿಮಗೆ ಹಗುರ ಆಗುತ್ತೆ, ಅಷ್ಟೇ. ಅವತ್ತು ಆ ರೂಮಲ್ಲಿ ಇದ್ದೋರಿಗೆ ಹೇಳಿ. ಇದನ್ನೂ ತಗೊಂಡು ಹೋಗಿ ತೋರ್ಸಿ.'

ಆ ಮಾತಿನಲ್ಲಿ 'ಸಾರ್' ಇರಲಿಲ್ಲ. ಅವಳ ಬಾಯಿಂದ ಹಾಗೆ ಕೇಳಿದ್ದು ಅದೇ ಮೊದಲು. ನಾನು ಎದ್ದೆ. ಟೀ ಮುಟ್ಟಿರಲಿಲ್ಲ. ಮೆಟ್ಟಿಲು ಇಳಿಯುವಾಗ ಹಿಂದೆ ತಿರುಗಿ ನೋಡಿದೆ, ಅವಳು ಆಗಲೇ ಯಾರದೋ ಕಂಪ್ಯೂಟರ್ ಬಿಚ್ಚಿ ಕೂತಿದ್ದಳು. ಕಣ್ಣು ಮಾತ್ರ ಅದರ ಮೇಲಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಇದನ್ನು ಬರೆಯಲು ಕೂತದ್ದು ಆಮೇಲೆ. ಆ ಬಸ್ಸಿನಲ್ಲಿ ಕೂತು ಹೂವು ಮುಟ್ಟಿದಳು ಅಂದವರು ಈಗ ಎಲ್ಲೆಲ್ಲಿ ಇದ್ದಾರೋ, ಅವರ ಮನೆ ಮನೆಗೆ ಹೋಗಲಾರೆ. ಅವರಲ್ಲಿ ಒಬ್ಬರಾದರೂ ಓದಲಿ. ಡಿಸೈನ್ ವಿಭಾಗದ ಇಬ್ಬರಿಗೆ ಕಾಗದ ಹಾಕಿದ್ದೇನೆ. ರಾಮಪ್ರಸಾದ್ ಅವರಿಗೆ ವಯಸ್ಸಾಗಿದೆ, ಬಟವಾಡಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರಿಗೆ ಕಾಗದ ಸಾಲದು.

ನಾಳೆ ಬೆಳಿಗ್ಗೆ ಹೋಗುತ್ತೇನೆ. ಡಿಸ್ಕ್ ಚೀಲದಲ್ಲಿದೆ. ಅವರು ಬಾಗಿಲು ತೆಗೆದು 'ಏನ್ರೀ ಗಂಗಾಧರ್, ಬನ್ನಿ ಬನ್ನಿ' ಅನ್ನುತ್ತಾರೆ. ಒಳಗೆ ಹೋಗಿ ಕೂರುವ ಮೊದಲು, ಹೊಸಿಲ ಹೊರಗೆ ನಿಂತೇ ಹೇಳಬೇಕು. ಪೇಪರ್‌ವೇಟ್ ನೋಡುತ್ತಾ ನುಂಗಿಕೊಂಡ ಮಾತು:

'ಹೂವು ಮುಟ್ಬೇಡ ಅಂತ ನಸೀಮಾಗೆ ಹೇಳಿದ್ದು ನಾನು ಸಾರ್. ದೀಪ ಉರೀತಿದ್ದದ್ದು ನನಗೆ ಗೊತ್ತಿತ್ತು.'